ಹಡಗಿನ ಪಟದಲ್ಲಿ ಇಲ್ಲದ ಕೊಪ್ಪರಿಗೆ

ನಾನು ಸಮುದ್ರ ನೋಡಿದವನಲ್ಲ. ಇದನ್ನು ಹೆಡ್‌ಮಾಸ್ತರರಿಗೆ ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ನುಂಗಿಕೊಂಡು, ಆಮೇಲೆ ಹಾಸಿಗೆಯಲ್ಲಿ ಮಲಗಿ ಗೋಡೆಗೆ ಹೇಳುವುದು ನನ್ನ ಹಳೆಯ ಚಾಳಿ. ಐವತ್ತರ ಹತ್ತಿರ ಬಂದರೂ ಅದು ಹೋಗಿಲ್ಲ. ಗೋಡೆಗೆ ನನ್ನ ವಿಚಾರಗಳೆಲ್ಲ ಬಾಯಿಪಾಠವಾಗಿವೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು ಇದು. ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಹಗಲೆಲ್ಲ ಮರಾಠಿಯಲ್ಲಿ ಪಾಠ ಹೇಳಿ, ಸಂಜೆ ಮನೆಗೆ ಬಂದು ಅವ್ವನಿಂದ ಕನ್ನಡದಲ್ಲಿ ಬೈಸಿಕೊಳ್ಳುವುದು ದಿನಚರಿ. ಆಷಾಢದ ಒಂದು ಮಧ್ಯಾಹ್ನ ಹೆಡ್‌ಮಾಸ್ತರರು ಕರೆಸಿದರು.

"ಕೊಲ್ಲಾಪುರದಾಗ ಸಾಲಿಗಳ ಪ್ರದರ್ಶನ ಐತ್ರಿ ಮಾಸ್ತರ. ನಮ್ಮ ಕಡೆಯಿಂದ ಇತಿಹಾಸದ್ದೊಂದು ಪಟ ಹೋಗಬೇಕು. ನೌಕೆಗಳ ಇತಿಹಾಸ, ಆದಿಯಿಂದ ಇವತ್ತಿನ ತನಕ. ನೀವ ಮಾಡ್ರಿ."

"ನೌಕೇನ ಯಾಕ್ರಿ ಸರ? ನಮ್ಮ ಊರಾಗ ಹಡಗ ಕಂಡಾವ್ರು ಯಾರದಾರು?"

"ಅದಕ್ಕ ಹೇಳಾಕತ್ತೇನಿ. ಕಂಡಾವ್ರಿಲ್ಲಂದ್ರ ತಪ್ಪ ಹಿಡಿಯಾವ್ರೂ ಇಲ್ಲ. ಕ್ವಾಟಿ ಕೊತ್ತಲಾ ಎಲ್ಲಾ ಸಾಲಿಯವ್ರೂ ಮಾಡ್ಯಾರ. ಹಡಗ ಯಾರೂ ಮಾಡಿಲ್ಲ."

ಇಂಥ ತರ್ಕದ ಎದುರು ಏನು ಮಾತಾಡುವುದು? ಬಾಗಿಲು ದಾಟುವಾಗ ಮೂರು ಒಳ್ಳೆಯ ಉತ್ತರಗಳು ಹೊಳೆದವು. ಮೂರನ್ನೂ ಗೋಡೆಗೆ ಕಾದಿಟ್ಟೆ.

ಎರಡು ವಾರ ನಾನು ಹಡಗುಗಳ ಜೊತೆ ಒದ್ದಾಡಿದೆ. ಮಾದರಪಾಟಿನ ಉದ್ದನೆಯ ಬಿಳಿ ಬಟ್ಟೆ ತಂದು, ಎರಡೂ ತುದಿಗೆ ಬಿದಿರು ಕಟ್ಟಿ, ಒಂಬತ್ತು ಚಿತ್ರ ಬರೆದೆ. ಮೊದಲು ತೇಲುವ ಮರದ ದಿಮ್ಮಿ, ಅದನ್ನು ತಬ್ಬಿಕೊಂಡ ಆದಿಮಾನವ. ಆಮೇಲೆ ದಿಮ್ಮಿಗಳನ್ನು ಬಿಗಿದು ಕಟ್ಟಿದ ತೆಪ್ಪ. ತೊಗಲು ಹೊದಿಸಿದ ಹರಿಗೋಲು. ಈಜಿಪ್ತಿನ ಜೊಂಡಿನ ದೋಣಿ. ಗುಜರಾತದ ಲೋಥಲ್‌ನಲ್ಲಿ ಆಗಷ್ಟೇ ಅಗೆದು ತೆಗೆಯುತ್ತಿದ್ದ ಹಡಗುಕಟ್ಟೆಯ ಸುದ್ದಿ ಓದಿ, ಅಲ್ಲಿಗೆ ಬರುತ್ತಿದ್ದಿರಬಹುದಾದ ಒಂದು ನೌಕೆಯನ್ನು ಊಹೆಯಿಂದ ಬರೆದೆ. ಮೊಳೆಯೇ ಇಲ್ಲದೆ ತೆಂಗಿನ ನಾರಿನಿಂದ ಹಲಗೆ ಹೊಲಿದು ಕಟ್ಟುತ್ತಿದ್ದ ಅರಬರ ಹಡಗು. ಇದನ್ನು ಬರೆಯುವಾಗ ನನಗೇ ಮೈ ಜುಮ್ಮೆಂದಿತು, ಹೊಲಿಗೆ ಬಿಚ್ಚಿದರೆ ಏನು ಗತಿ ಎಂದು. ಪೋರ್ತುಗೀಸರ ಹಾಯಿಹಡಗು, ಮರಾಠರ ಯುದ್ಧದೋಣಿ ಗಲಬತ್ತು, ಕೊನೆಗೆ ಹೊಗೆಯುಗುಳುವ ಆಗಬೋಟು. ಮನುಷ್ಯ ಐದಾರು ಸಾವಿರ ವರ್ಷ ಕಷ್ಟಪಟ್ಟು ಏರಿದ ಮೆಟ್ಟಿಲುಗಳೆಲ್ಲ ಒಂಬತ್ತು ಮೊಳ ಬಟ್ಟೆಯ ಮೇಲೆ ಸಾಲಾಗಿ ನಿಂತವು.

ಅವ್ವ ಕಡಲೆ ಹುರಿಯುತ್ತ ಅಡಿಗೆಮನೆಯಿಂದಲೇ ನೋಡುತ್ತಿದ್ದಳು.

"ಹಡಗ ಬರ್ಯಾಕ ಹತ್ಯಾನ ಮಾಸ್ತರ! ಹೊಳಿ ದಾಟಿ ತಂಗೀನ ತರಾಕ ಎದಿಗಾರಿಕಿ ಇಲ್ಲ, ಸಮುದ್ರ ದಾಟಾವ್ರ ಚಿತ್ರಾ ತಗೀತಾನ!"

ಈ ಮಾತಿಗೆ ಹಿನ್ನೆಲೆ ಇದೆ. ನನ್ನ ಒಬ್ಬಳೇ ತಂಗಿಯನ್ನು ಇಚಲಕರಂಜಿಯ ಆಚೆ, ಪಂಚಗಂಗೆಯ ಆ ದಂಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಪಂಚಮಿ ಹಬ್ಬಕ್ಕೆ ಹೆಣ್ಣುಮಗಳನ್ನು ತವರಿಗೆ ಕರೆತರಬೇಕು. ಅವಳು ತಾನಾಗಿ ಬರುವಂತಿಲ್ಲ, ಗಂಡ ತಂದು ಬಿಡುವಂತಿಲ್ಲ. ತವರಿನಿಂದ ಯಾರಾದರೂ ಹೋಗಿ ಕರೆಯಬೇಕು. ಅಪ್ಪ ಇಲ್ಲ. ಹೋಗಬೇಕಾದವನು ನಾನೊಬ್ಬನೇ. ನಾನೋ, ಹಿರಣ್ಯಕೇಶಿಯ ಮೆಟ್ಟಿಲ ಮೇಲೆ ಕುಳಿತು ತಂಬಿಗೆಯಿಂದ ಮಿಂದು ಬರುವವನು. ಈಜು ಬಾರದು, ತುಂಬಿದ ಹೊಳೆ ಕಂಡರೆ ದಂಡೆಯಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಲ್ಲುತ್ತೇನೆ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ದಂಡೆಯ ತನಕ ಹೋಗಿ ವಾಪಸು ಬಂದಿದ್ದೆ. ದೋಣಿ ಇರಲಿಲ್ಲ ಎಂದು ಅವ್ವನಿಗೆ ಹೇಳಿದೆ. ದೋಣಿ ಇತ್ತು. ಮರುವರ್ಷ ಶಾಲೆಯಲ್ಲಿ ತಪಾಸಣೆ ಇದೆ ಎಂದೆ. ತಪಾಸಣೆ ಮುಗಿದು ವಾರವಾಗಿತ್ತು.

ಈ ಸಲ ತಂಗಿಯ ಭಾವನಿಂದ, ಅಂದರೆ ಅವಳ ಗಂಡನ ಅಣ್ಣನಿಂದ, ಕಾರ್ಡು ಬಂದಿತ್ತು. ಆ ಮನೆಯ ಹಿರಿಯ ಅವನೇ. ಬರೆದದ್ದು ನಾಲ್ಕು ಸಾಲು. ಎರಡು ವರ್ಷ ಕರೆಯಲು ಯಾರೂ ಬಂದಿಲ್ಲ. ಈ ವರ್ಷ ಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿ ಹಬ್ಬದ ದಿನ ಹೊತ್ತು ಮುಳುಗುವುದರೊಳಗೆ ತವರಿನವರು ಬಾರದಿದ್ದರೆ, ಇನ್ನು ಮುಂದೆ ಅವಳನ್ನು ಹಬ್ಬಕ್ಕೆ ಕಳಿಸುವ ಪದ್ಧತಿಯನ್ನೇ ಬಿಟ್ಟೆವೆಂದು ತಿಳಿಯಬೇಕು. ಕೆಳಗೆ ಕ್ಷೇಮ ಸಮಾಚಾರ.

ಅವ್ವ ಆ ಕಾರ್ಡನ್ನು ದೇವರ ಜಗಲಿಯ ಮೇಲೆ ಇಟ್ಟಳು. ವಿಭೂತಿ ಹಚ್ಚಿಕೊಳ್ಳಲು ಹೋದಾಗಲೆಲ್ಲ ಅದು ನನ್ನ ಕಣ್ಣಿಗೆ ಬೀಳಬೇಕು ಎಂಬುದು ಉದ್ದೇಶ.

ಪ್ರದರ್ಶನ ಮುಗಿಯುವ ಮರುದಿನವೇ ರೊಟ್ಟಿ ಹಬ್ಬ. ಕೊಲ್ಲಾಪುರದಿಂದ ನೇರವಾಗಿ ತಂಗಿಯ ಊರಿಗೆ ಹೋಗುವುದೆಂದು ನಿಶ್ಚಯಿಸಿದೆ. ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ದಿನ ಮಳೆ ಹಿಡಿದು ಹೊಡೆಯಿತು. ಮಣ್ಣಿನ ಕೋಟೆಗಳ ಮುಂದೆ ಜನ ಮುಗಿಬಿದ್ದಿದ್ದರು. ನನ್ನ ಪಟಕ್ಕೆ ಸಿಕ್ಕ ಜಾಗ ನೀರಿನ ಹಂಡೆಯ ಹಿಂದಿನ ಗೋಡೆ. ನೀರು ಕುಡಿಯಲು ಬಂದ ಹಿರಿಯರೊಬ್ಬರು ಲೋಟ ಹಿಡಿದೇ ನನ್ನ ಗಲಬತ್ತನ್ನು ಬಹಳ ಹೊತ್ತು ನೋಡಿ, ಈ ಮೀನು ಯಾವ ಸಮುದ್ರದ್ದು ಎಂದು ಮರಾಠಿಯಲ್ಲಿ ಕೇಳಿದರು. ಅದು ಹಡಗು ಎಂದೆ. ಹಾಗಾದರೆ ಬಾಲ ಯಾಕೆ ಎಂದರು. ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರ ಕೊಟ್ಟರು. ಪಟವನ್ನು ಸುತ್ತಿ ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ಬೆಳಗಿನ ಎಸ್‌ಟಿ ಬಸ್ಸು ಹತ್ತಿದೆ. ನನ್ನ ಬಿದಿರಿನ ತುದಿ ಬಸ್ಸಿನಲ್ಲಿ ಮೂರು ಜನರ ಕಿವಿಗೆ ತಾಗಿತು. ಮೂವರೂ ಅನ್ನಬೇಕಾದ್ದನ್ನು ಅಂದರು.

ಇಚಲಕರಂಜಿಯಲ್ಲಿ ಇಳಿದವನೇ ತಂಗಿಯ ಗಂಡನನ್ನು ಹುಡುಕಿಕೊಂಡು ಹೋದೆ. ಆತ ಅಲ್ಲೊಂದು ಮಗ್ಗದ ಶೆಡ್ಡಿನಲ್ಲಿ ಪಾಳಿಯ ಮೇಲಿದ್ದ. ಹೊಳೆ ತುಂಬಿದ್ದರಿಂದ ಮನೆಗೆ ಹೋಗದೆ ನಾಲ್ಕು ದಿನದಿಂದ ಶೆಡ್ಡಿನಲ್ಲೇ ಮಲಗುತ್ತಿದ್ದ. ಒಳ್ಳೆಯ ಮನುಷ್ಯ. ಅವನಲ್ಲಿ ದೋಷವೆಂದರೆ ಅಷ್ಟೇ, ಒಳ್ಳೆಯ ಮನುಷ್ಯ. ಮಗ್ಗಗಳ ಖಟಾಖಟಿಯ ನಡುವೆ ಕೂಗಿ ಕೇಳಿದೆ.

"ನಾಕ ದಿನಾ ಹೆಚ್ಚಿಗಿ ಇಟ್ಕೋತೇವ್ರಿ ತಂಗೀನ, ನಡದೀತಿಲ್ಲೊ?"

"ಅಣ್ಣಾಗ ಕೇಳ್ರಿ."

"ಮುಂದಿನ ವರ್ಷಾ ಹೊಳಿ ಬಂದು ನಾ ಬರಾಕಾಗಲಿಲ್ಲಂದ್ರ ನೀವ ತಂದ ಬಿಡ್ರೆಲಾ?"

"ಅಣ್ಣಾಗ ಕೇಳ್ರಿ."

"ಈಗ ಹೊಳಿ ಹ್ಯಾಂಗ ದಾಟಬೇಕ್ರಿ?"

ಆತ ಲಾಳಿಯ ಮೇಲಿನ ಕಣ್ಣು ತೆಗೆಯದೆ ಕ್ಷಣ ಯೋಚಿಸಿದ. ಇದಕ್ಕೂ ಅಣ್ಣನನ್ನೇ ಕೇಳಿ ಎಂದರೆ ಕೊಡೆಯಿಂದ ಹೊಡೆಯುವುದೆಂದು ನಿರ್ಧರಿಸಿದ್ದೆ. "ದಂಡಿಗಿ ಹೋಗ್ರಿ, ಏನರ ಸಿಕ್ಕೀತು" ಎಂದ.

ಹೋದೆ. ಹೊಳೆ ಕೆಂಪಗೆ, ಕೆಸರು ಕಲಸಿದಂತೆ, ಹೊಲಗಳ ಮೇಲೆ ಹಬ್ಬಿಕೊಂಡು ನಿಂತಿತ್ತು. ಬಸ್ಸು ಹೋಗುವ ಹಾದಿ ನೀರಿನೊಳಗೆ ಇಳಿದದ್ದು ಕಾಣುತ್ತಿತ್ತು, ಆಚೆ ಎದ್ದದ್ದು ಕಾಣುತ್ತಿರಲಿಲ್ಲ. ಮುಂದಿನ ಎರಡು ತಾಸಿನಲ್ಲಿ ನಡೆದದ್ದನ್ನು ನಾನು ಈಗಲೂ ಸಿಟ್ಟಿಲ್ಲದೆ ನೆನೆಯಲಾರೆ. ಸರಕಾರದ ಮೋಟಾರು ಬೋಟು ಒಂದಿದೆ ಎಂದರು. ನನ್ನ ಪಟದ ಆಗಬೋಟಿಗೆ ಇದು ಮೊಮ್ಮಗ ಇದ್ದಂತೆ ಎಂದು ಸಮಾಧಾನವಾಯಿತು. ಅದು ಯಾರೋ ಸಾಹೇಬರನ್ನು ಕೂರಿಸಿಕೊಂಡು ನೆರೆ ನೋಡಲು ಹೋಗಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಹಲಗೆಯ ನಾವೆಯೊಂದು ದಂಡೆಯ ಮೇಲೆ ಬೋರಲು ಬಿದ್ದಿತ್ತು. ನಾವಿಕ ಅದರ ಮರೆಯಲ್ಲೇ ಕುಳಿತು ತಂಬಾಕು ತಿಕ್ಕುತ್ತಿದ್ದ.

"ಡಾಂಬರ ಬಡದೇನ್ರಿ. ಒಣಗಿಲ್ಲ."

"ಯಾವಾಗ ಬಡದ್ರಿ?"

"ಹದಿನೈದ ದಿನಾ ಆತು."

"ಮತ್ತ ಒಣಗಿಲ್ಲಾ?"

"ಮಳಿ ಹೊಡ್ಯಾಕತ್ತೈತೆಲ್ರಿ."

"ಬ್ಯಾಸಗ್ಯಾಗ ಯಾಕ ಬಡೀಲಿಲ್ಲೋ ಮಾರಾಯಾ?"

"ಬ್ಯಾಸಗ್ಯಾಗ ನಾವಿ ಯಾರಿಗಿ ಬೇಕ್ರಿ?"

ಹಲಗೆ ಬಿಟ್ಟು ಹರಿಗೋಲಿಗೆ ಇಳಿದೆ. ಅದು ಒಬ್ಬರ ದನದ ಕೊಟ್ಟಿಗೆಯಲ್ಲಿ ನೇತುಬಿದ್ದಿತ್ತು. ತೊಗಲನ್ನು ಇಲಿ ಕಡಿದಿದ್ದವು. ಬಿದಿರಿನ ಹಂದರ ಮಾತ್ರ ದೊಡ್ಡ ಬುಟ್ಟಿಯಂತೆ ಉಳಿದಿತ್ತು. ಅದರೊಳಗೆ ಕೋಳಿ ಕಾವು ಕೂತಿತ್ತು. ಕೊನೆಗೆ ಒಬ್ಬ ಒಣಗಿದ ಸೋರೆಬುರುಡೆ ತೋರಿಸಿ, ಇದನ್ನು ನಡುವಿಗೆ ಕಟ್ಟಿಕೊಂಡರೆ ಮುಳುಗುವುದಿಲ್ಲ, ನೀವು ಕೈಕಾಲು ಬಡಿದರಾಯಿತು ಎಂದ. ಆಗಬೋಟಿನಿಂದ ಹಿಡಿದು ದಿಮ್ಮಿ ತಬ್ಬಿದ ಆದಿಮಾನವನ ತನಕ ಮನುಷ್ಯಜಾತಿ ಏರಿದ ಮೆಟ್ಟಿಲುಗಳನ್ನೆಲ್ಲ ನಾನು ಎರಡು ತಾಸಿನಲ್ಲಿ ಇಳಿದು ಮುಗಿಸಿದ್ದೆ. ಹೊತ್ತು ನೆತ್ತಿ ದಾಟಿತ್ತು. ತಿರುಗಿ ಹೋಗಲು ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ, ಈ ಸಲ ಸುಳ್ಳನ್ನೂ ಹೇಳಬೇಕಿರಲಿಲ್ಲ. ಒಳಗೊಳಗೆ ಸಣ್ಣಗೆ ಹಿತವಾಗತೊಡಗಿತ್ತು. ನಾಚಿಕೆಯ ಮಾತು, ಆದರೂ ಬರೆಯುತ್ತೇನೆ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. "ಅಹೋ ಮಾಸ್ತರ, ಪಂಚಮಿಗಿ ಹೆಣ್ಣ ತರಾಕ ಬಂದೀರೇನು? ಬರ್ರಿ, ಕೊಪ್ಪರಗಿ ಐತಿ."

ಕಪ್ಪಗೆ, ಸಣಕಲಾಗಿ, ಲಂಗೋಟಿಯಲ್ಲಿದ್ದ ಈತ ಗುಳವ್ಯಾ. ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕುದಿಸಿ, ಪಾಕದ ಹದ ನೋಡಿ ಬೆಲ್ಲ ಇಳಿಸುವ ಕಸಬುಗಾರನಿಗೆ ನಮ್ಮ ಕಡೆ ಆ ಹೆಸರು. ಬೆಲ್ಲ ಕುದಿಸುವ ಕೊಪ್ಪರಿಗೆ ಎಂದರೆ ನಾಲ್ಕು ಜನ ಕಾಲು ಚಾಚಿ ಮಲಗುವಷ್ಟು ಅಗಲದ ಕಬ್ಬಿಣದ ತಟ್ಟೆ. ಅಂಚು ಒಂದೂವರೆ ಮೊಳ, ನಾಲ್ಕು ಕಡೆ ಎತ್ತಲು ಬಳೆ. ಸುಗ್ಗಿಯಲ್ಲಿ ಒಲೆಯ ಮೇಲಿರುತ್ತದೆ. ಮಳೆಗಾಲದಲ್ಲಿ ಕೆಲಸವಿಲ್ಲ. ಹೊಳೆ ಬಂತೆಂದರೆ ಅದನ್ನೇ ನೀರಿಗಿಳಿಸಿ, ಮಂದಿಯನ್ನು ಒಳಗೆ ಕೂರಿಸಿ, ಇಬ್ಬರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಳೆ ಹಿಡಿದು ಈಜುತ್ತ ದಬ್ಬಿಕೊಂಡು ಹೋಗುತ್ತಾರೆ. ಇದನ್ನು ಸಣ್ಣಂದಿನಿಂದ ಕೇಳಿದ್ದೆ. ನನ್ನ ಪಟದಲ್ಲಿ ಮಾತ್ರ ಅದು ಇರಲಿಲ್ಲ. ನೋಡಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಚಪ್ಪಲಿ ಕೈಯಾಗ ಹಿಡೀರಿ. ಸುಗ್ಗ್ಯಾಗ ಇದರಾಗ ಬೆಲ್ಲಾ ಕುದಸಾವ್ರು ನಾವು. ಒಳಗ ಮುಟ್ಟಸಬ್ಯಾಡ್ರಿ, ಅಂಚಿನ ಹೊರಗ ಹಿಡೀರಿ."

"ಮುಳಗೂದಿಲ್ಲಲಾ ಇದು?"

"ಬರೋಬ್ಬರಿ ನಡಬರಕ ಕುಂತ್ರ ಮುಳಗೂದಿಲ್ಲ. ಅಳ್ಳಾಡಿದ್ರ ಮುಳಗತೈತಿ. ಘಾಬರೂ ನಕಾ."

ಹೆದರಬೇಡಿ ಎಂದು ಮರಾಠಿಯಲ್ಲಿ ಹೇಳಿಬಿಟ್ಟರೆ ಹೆದರಿಕೆ ಹೋಗುತ್ತದೆಂದು ನಮ್ಮ ಮಂದಿಗೆ ಯಾರು ಕಲಿಸಿದರೋ. ನಾನು ಕೊಪ್ಪರಿಗೆಯ ನಡುವೆ ಕುಕ್ಕರುಗಾಲಲ್ಲಿ ಕುಳಿತೆ. ಪಟ ಮಡಿಲಲ್ಲಿ, ಚಪ್ಪಲಿ ಚಾಚಿದ ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ. ಕಣ್ಣು ಮುಚ್ಚಿ ಷಡಕ್ಷರಿ ಮಂತ್ರ ಹೇಳುತ್ತ ಹೇಳುತ್ತ ಯಾವಾಗ ಆಚೆ ದಂಡೆ ತಾಗಿತೋ ತಿಳಿಯಲಿಲ್ಲ. ಗುಳವ್ಯಾ ಇಳಿಯಿರಿ ಎಂದು ಎರಡು ಸಲ ಹೇಳಬೇಕಾಯಿತು.

ಭಾವ ಬಾಗಿಲಲ್ಲೇ ನಿಂತಿದ್ದ. ದೊಡ್ಡ ಆಳು, ಮೀಸೆಗೂ ಹೊಟ್ಟೆಗೂ ಸರಿಯಾದ ಗಾಂಭೀರ್ಯ. "ಬರ್ರಿ ಬರ್ರಿ ಮಾಸ್ತರ, ಕಡೀಕ ಬಂದ್ರೆಲಾ" ಎಂದ. ಮರ್ಯಾದೆಯಲ್ಲಿ ಒಂದು ಕೂದಲಿನಷ್ಟೂ ಕಡಿಮೆ ಮಾಡಲಿಲ್ಲ, ಅದೇ ನನಗೆ ಭಯ. ಕಾಲಿಗೆ ನೀರು ಕೊಡಿಸಿದ, ರೊಟ್ಟಿ ಹಬ್ಬದ ಊಟಕ್ಕೆ ಕೂರಿಸಿದ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಹೊತ್ತು ಇಳಿಯುತ್ತಿದೆ ಎಂದರೆ ಇನ್ನೊಂದು ರೊಟ್ಟಿ ಬಡಿಸುತ್ತಾರೆ. ಹೊಳೆ ಏರುತ್ತಿದೆ ಎಂದರೆ ಮೇಲೆ ಮೊಸರು. ನಡುವೆ ಅವನ ಕಣ್ಣು ನನ್ನ ಬಿದಿರಿನ ಸುರುಳಿಯ ಮೇಲೆ ಬಿತ್ತು. ಬಿಚ್ಚಿ ತೋರಿಸಲೇಬೇಕಾಯಿತು. ಮೊದಲಿನಿಂದ ಕೊನೆಯ ತನಕ ಬೆರಳಿಟ್ಟು ನೋಡಿದ.

"ಇದರಾಗ ನಮ್ಮ ಕೊಪ್ಪರಗಿ ಎಲ್ಲೈತ್ರಿ?"

"ಇಲ್ರಿ."

"ನೀವು ಹೊಳಿ ಯಾವುದರಾಗ ದಾಟಿ ಬಂದ್ರಿ?"

"ಕೊಪ್ಪರಗ್ಯಾಗ್ರಿ."

"ಮತ್ತ ಇದೆಂಥಾ ಇತಿಹಾಸರಿ?"

ಕೊಲ್ಲಾಪುರದ ಯಾವ ಪರೀಕ್ಷಕನೂ ಕೇಳದ ಪ್ರಶ್ನೆ. ನಾನು ಪಟ ಸುತ್ತತೊಡಗಿದೆ.

ತಂಗಿ ಒಳಬಾಗಿಲ ಮರೆಯಲ್ಲಿದ್ದಳು. ಬಳೆಯ ಸದ್ದು ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನೆದುರು ನಿಲ್ಲುವುದಿಲ್ಲ, ಮುಖ ತೋರಿಸುವುದಿಲ್ಲ, ಮಾತಂತೂ ಇಲ್ಲವೇ ಇಲ್ಲ. ಭಾವನೂ ಅಷ್ಟೇ, ಅವಳಿದ್ದ ಕಡೆ ಮುಖ ಮಾಡುವುದಿಲ್ಲ. ಮಾತು ಬೇಕೆಂದರೆ ನಡುವೆ ಒಬ್ಬರು ಬೇಕು. ಅವತ್ತು ಆ ಒಬ್ಬ ನಾನು.

"ಮಾಸ್ತರ, ನಿಮ್ಮ ತಂಗಿಗೆ ಹೇಳ್ರಿ, ಗಂಟ ಕಟ್ಟಕೋ ಅಂತ."

"ಅಣ್ಣಾ, ಭಾವಾರಿಗೆ ಹೇಳು, ಮುಂಜಾನೆನ ಕಟ್ಟೇನಿ ಅಂತ."

ನಾನು ಹೊಸ್ತಿಲ ಮೇಲೆ ಅಂಚೆಪೆಟ್ಟಿಗೆಯಂತೆ ನಿಂತಿದ್ದೆ. ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿತ್ತು. ಆದರೂ ನಾನು ಎರಡೆರಡು ಸಲ ಒಪ್ಪಿಸಬೇಕು.

ಕೊನೆಗೆ ಭಾವ ತನ್ನ ಕರಾರು ಹೇಳಿದ. "ಪಂಚಮಿ ಮುಗದ ಮರುದಿನಾ ತಂದ ಬಿಡಬೇಕ್ರಿ. ಮತ್ತ ಮುಂದಿನ ವರ್ಷ ನೀವು ಬಂದ್ರ ಬಂದ್ರಿ. ಬರಲಿಲ್ಲಂದ್ರ ಅಲ್ಲಿಗೆ ಮುಗೀತು. ಹೆಣ್ಣಮಗಳು ವರ್ಷಾ ವರ್ಷಾ ಹಾದಿ ಕಾಯ್ಕೋತ ನಿಂದ್ರೂದು ನಮಗ ನೋಡಾಕ ಆಗಂಗಿಲ್ಲ."

ಇದಕ್ಕೆ ನಾನು ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದೆ. ಹೊಳೆ ನಮ್ಮ ಕೈಯಲ್ಲಿಲ್ಲ. ಹದಿನೈದು ದಿನವಾದರೂ ಇರಲಿ. ನಾನು ಬಾರದ ವರ್ಷ ಅವಳ ಗಂಡ ತಂದು ಬಿಡಲಿ. ಹೆಣ್ಣುಮಗಳ ತವರಿನ ಹಾದಿ ಒಬ್ಬ ಪುಕ್ಕಲನ ಮೇಲೆ ನಿಲ್ಲುವಂಥದ್ದಲ್ಲ. ಇಷ್ಟನ್ನೂ ಕ್ರಮವಾಗಿ ಜೋಡಿಸಿಟ್ಟಿದ್ದೆ. ಬಾಯಿ ತೆರೆದೆ. "ಆಯ್ತ್ರಿ" ಎಂದೆ. ಒಳಗೆ ಬಳೆಯ ಸದ್ದು ನಿಂತಿತು.

ಹೊಳೆಗೆ ನಡೆಯುವಾಗ ಭಾವ ಮುಂದೆ, ನಾವಿಬ್ಬರೂ ಹತ್ತು ಮಾರು ಹಿಂದೆ. ತಂಗಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಮೆಲ್ಲಗೆ ಹೇಳಿದಳು.

"ಎರಡ ವರ್ಷದ ಹಿಂದ ದೋಣಿ ಇತ್ತು, ಅಣ್ಣಾ."

ನಾನು ಕೊಡೆಯನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

"ನಾ ಈ ದಂಡಿ ಮ್ಯಾಲ ನಿಂತಿದ್ನಿ. ನಿನ್ನ ಕೊಡಿ ಗುರ್ತ ಹತ್ತಿತು. ಬಂದಿ, ನಿಂತಿ, ತಿರುಗಿ ಹ್ವಾದಿ. ಮನಿಗಿ ಬಂದು, ಯಾರೂ ಬಂದಿಲ್ಲಂತ ಹೇಳಿದ್ನಿ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಕೆಸರಲ್ಲಿ ಕಾಲು ಕೀಳುತ್ತ ನಡೆದೆ.

ದಂಡೆಯಲ್ಲಿ ಹೊಸ ಪಜೀತಿ. ಭಾವ ತಾನೂ ಆಚೆ ತನಕ ಬರುತ್ತೇನೆ ಎಂದ. ಮನೆಯ ಸೊಸೆ ನೆರೆ ಬಂದ ಹೊಳೆ ದಾಟುವಾಗ ಮನೆಯ ಹಿರಿಯ ದಂಡೆಯ ಮೇಲೆ ನಿಂತು ನೋಡಿದರೆ ಮಂದಿ ಏನಂದಾರು? ಗುಳವ್ಯಾ ಅವನ ಹೊಟ್ಟೆ ನೋಡಿದ, ಹೊಳೆ ನೋಡಿದ. ಇನ್ನೊಬ್ಬ ಈಜುಗಾರ ತನ್ನ ಬುರುಡೆಯ ಹಗ್ಗ ಮತ್ತಷ್ಟು ಬಿಗಿದುಕೊಂಡ.

"ಸಾಹುಕಾರ್ರ, ನೀವು ನಡಬರಕ. ಮಾಸ್ತರ ಈ ಕಡೆ, ಅಕ್ಕಾರು ಆ ಕಡೆ. ಮೂರೂ ಮಂದಿ ಒಳಗ ಮಾರಿ ಮಾಡಿ ಕುಂಡ್ರಿ."

ಗುಳವ್ಯಾನಿಗೆ ಇದು ಹೇಳಲು ಸುಲಭ. ಆ ಕಡೆ ಕುಳಿತರೆ ತಂಗಿ ಭಾವನಿಗೆ ಎದುರಾಗುತ್ತಾಳೆ. ಅವಳು ಸೀದಾ ನನ್ನ ಬೆನ್ನ ಹಿಂದೆ ಬಂದು ಅವಿತು ಕುಳಿತಳು. ಕೊಪ್ಪರಿಗೆ ನಮ್ಮ ಕಡೆ ವಾಲಿತು. ಗುಳವ್ಯಾ ಬೈದ. ಅವಳು ಎದ್ದು ಆಚೆ ಹೋಗಿ ಕುಳಿತಳು. ಭಾವ ಮರ್ಯಾದೆಗೆ ಅವಳಿಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿ ಸರಿದ. ಮತ್ತೆ ನಮ್ಮ ಕಡೆ ವಾಲಿತು. ನೀವು ಹಿಂದೆ ಸರಿಯಿರಿ ಎಂದು ಗುಳವ್ಯಾ ಕೂಗಿದರೆ, ಭಾವ ಸರಿದ ಕೂಡಲೇ ಅವನ ಬೆನ್ನು ತಂಗಿಗೆ ತಾಗುವಂತಾಗುತ್ತದೆ, ಅವಳು ಗಾಬರಿಯಾಗಿ ಸುತ್ತಿಕೊಂಡು ಮತ್ತೆ ನನ್ನ ಬೆನ್ನ ಹಿಂದೆ! ಭಾವ ಮತ್ತೆ ತಿರುಗುತ್ತಾನೆ! ಒಬ್ಬರಿಗೊಬ್ಬರು ಮುಖ ತೋರಿಸದ ಇಬ್ಬರನ್ನು ಗುಂಡಗಿನ ಕೊಪ್ಪರಿಗೆಯಲ್ಲಿ ಕೂರಿಸುವ ಉಪಾಯವನ್ನು ಜಗತ್ತಿನ ಯಾವ ಹಡಗು ಕಟ್ಟುವವನೂ ಕಂಡುಹಿಡಿದಿಲ್ಲ. ಅಷ್ಟರಲ್ಲಿ ಈಜುಗಾರರಿಬ್ಬರೂ ಕೊಪ್ಪರಿಗೆಯನ್ನು ಹೊಳೆಗೆ ದಬ್ಬಿ ಆಗಿತ್ತು.

ನಡುಹೊಳೆಯಲ್ಲಿ ಸೆಳೆತ ಹಿಡಿಯಿತು. ಕೊಪ್ಪರಿಗೆ ಮೆಲ್ಲಗೆ ಗಿರಗಿರನೆ ತಿರುಗತೊಡಗಿತು. ಭಾವನ ಬೆನ್ನು ಎತ್ತ, ತಂಗಿಯ ಮುಖ ಎತ್ತ ಎಂಬುದೇ ಯಾರಿಗೂ ತಿಳಿಯದಂತಾಯಿತು. ಆದರೂ ಇಬ್ಬರೂ ಪದ್ಧತಿ ಬಿಡಲಿಲ್ಲ. ಅವನು ತಿರುಗುವುದು, ಅವಳು ಸರಿಯುವುದು ನಡೆದೇ ಇತ್ತು. ಅಂಚಿನ ಮೇಲಿಂದ ಕೆಂಪು ನೀರು ಒಳಗೆ ಬಂತು. ಒಂದು ಸಲ. ಇನ್ನೊಂದು ಸಲ.

"ಸುಮ್ನ ಕುಂಡ್ರಿ! ಅಳ್ಳಾಡಬ್ಯಾಡ್ರಿ!" ಗುಳವ್ಯಾನ ಬಾಯೊಳಗೂ ನೀರು ಹೋಗುತ್ತಿತ್ತು.

ಭಾವನ ಮುಖ ಬೂದಿಯಾಗಿತ್ತು. ಅವನಿಗೂ ಈಜು ಬರುವುದಿಲ್ಲ ಎಂಬುದು ಆಗ ನನಗೆ ಗೊತ್ತಾಯಿತು. ನಾನೇನು ಮಾಡಿದೆ? ಪಾಠ ಹೇಳಿದೆ. "ನೋಡ್ರಿ, ಭಾರ ಒಂದ ಕಡೆ ಆದಾಗ ಹರಿಗೋಲಿನಂಥಾ ಗುಂಡಾನ ನೌಕೆಗೆ ತಳದಾಗ..." ಪಟವನ್ನು ಎದೆಗವಚಿಕೊಂಡು, ನಿಜವಾಗಿಯೂ ಹೀಗೇ ಶುರುಮಾಡಿದೆ.

"ಅಣ್ಣಾ, ಬಾಯಿ ಮುಚ್ಚು!"

ತಂಗಿ ಸೆರಗನ್ನು ಮುಖದಿಂದ ಕಿತ್ತು ನಡುವಿಗೆ ಸಿಕ್ಕಿಸಿದಳು. ನನ್ನ ತೋಳಿನಿಂದ ಪಟ ಕಸಿದು ಹೊಳೆಗೆ ಎಸೆದಳು. "ಕೈ ಖಾಲಿ ಮಾಡು. ಅಂಚ ಹಿಡಿ. ಆ ಕಡೆ ಸರಿ, ಇನ್ನೂ ಸರಿ." ನನ್ನ ಒಂಬತ್ತು ನೌಕೆಗಳು ಮೊದಲ ಸಲ ನೀರು ಕಂಡವು. ಸುರುಳಿ ಬಿಚ್ಚಿಕೊಂಡು, ಬಿದಿರಿನ ಬಲದಿಂದ, ನಮಗಿಂತ ಚೆನ್ನಾಗಿ ತೇಲಿ ಹೋದವು.

ಆಮೇಲೆ ಅವಳು ಭಾವನ ಎದುರು, ಎರಡು ಮೊಳ ದೂರದಲ್ಲಿ, ನೆಟ್ಟಗೆ ಅವನ ಮುಖ ನೋಡುತ್ತ ಕುಳಿತಳು.

"ಭಾವಾರ, ನನ್ನ ಕಡೆ ಮಾರಿ ಮಾಡ್ರಿ."

ಅವನು ಕೇಳಿಸದವನಂತೆ ನೀರು ನೋಡುತ್ತಿದ್ದ.

"ಭಾವಾರ, ನಿಮಗ ಹೇಳಾಕತ್ತೇನಿ! ಇತ್ತಾಗ ತಿರಗ್ರಿ. ಕಾಲ ಚಾಚ್ರಿ, ನನ್ನ ಕಾಲಿಗೆ ತಾಗಿದ್ರ ತಾಗಲಿ. ಹಾಂ, ಹಂಗ. ಇನ್ನ ದಂಡಿ ಬರೂತನಕಾ ಅಳ್ಳಾಡಬ್ಯಾಡ್ರಿ."

ಅವನು ತಿರುಗಿದ. ಕಾಲು ಚಾಚಿದ. ಕೊಪ್ಪರಿಗೆ ಒಮ್ಮೆ ತೂಗಿ ಸಮನಾಗಿ ನಿಂತಿತು. ಅವಳು ಗಂಟಿನಿಂದ ತಂಬಿಗೆ ತೆಗೆದು ನೀರು ಮೊಗೆದು ಮೊಗೆದು ಹೊರಗೆ ಚೆಲ್ಲತೊಡಗಿದಳು. ಚೆಲ್ಲುತ್ತಲೇ ಗುಳವ್ಯಾನಿಗೂ ಹೇಳಿದಳು, "ಎಡಕ ಹಿಡಿ ಕಾಕಾ, ಅಲ್ಲಿ ಗಿಡಾ ಐತಿ ನೋಡು." ಆತ ಹೂಂ ಅಕ್ಕಾರ ಎಂದು ಎಡಕ್ಕೆ ಹಿಡಿದ. ನಾನೂ ಭಾವನೂ ಎರಡು ಬೆಲ್ಲದ ಪೆಂಟೆಗಳಂತೆ ಮಿಸುಕದೆ ಕುಳಿತು ದಂಡೆ ಸೇರಿದೆವು.

ದಂಡೆಗೆ ಇಳಿದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಭಾವ ಧೋತರ ಹಿಂಡಿಕೊಳ್ಳುವ ನೆಪದಲ್ಲಿ ಬಗ್ಗಿ ನಿಂತಿದ್ದ. ಇನ್ನು ಇವನು ಎಲ್ಲವನ್ನೂ ರದ್ದು ಮಾಡುತ್ತಾನೆ, ಇದೇ ಕೊ‍ಪ್ಪರಿಗೆಯಲ್ಲಿ ಅವಳನ್ನು ವಾಪಸು ಕರೆದೊಯ್ಯುತ್ತಾನೆ ಎಂದುಕೊಂಡೆ. ಕ್ಷಮೆ ಕೇಳಲು ಶಬ್ದ ಹುಡುಕುತ್ತಿದ್ದೆ.

ತಂಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಲೆಯ ತನಕ ಮಾತ್ರ.

"ಭಾವಾರ, ನಾ ಹದಿನೈದ ದಿನಾ ಇದ್ದ ಬರತೇನ್ರಿ. ಮತ್ತ ಮುಂದಿನ ವರ್ಷಾ ಅಣ್ಣ ಬರಲಿ, ಬಿಡಲಿ. ಕೊಪ್ಪರಗಿ ಇರತೈತಿ, ಕಾಕಾ ಇರತಾನ. ನಾನ ಹೊಳಿ ದಾಟಿ ಹೋಗತೇನಿ."

ನಾನು ದಾರಿಯುದ್ದಕ್ಕೂ ಜೋಡಿಸಿಟ್ಟು, ರೊಟ್ಟಿಯ ಜೊತೆ ನುಂಗಿದ್ದ ಮಾತುಗಳು ಹೆಚ್ಚುಕಡಿಮೆ ಇವೇ. ಅವಳಿಗೆ ನಾಲ್ಕು ಉಸಿರು ಸಾಕಾದವು.

ಭಾವ ನೆಟ್ಟಗಾದ. ಅವಳು ನಿಂತದ್ದು ಅವನಿಂದ ಮಾರು ದೂರ. ಅವನು ಮಾತ್ರ ಕತ್ತು ಹೊರಳಿಸಿ, ಆಚೆ ನಿಂತಿದ್ದ ನನ್ನನ್ನು ನೋಡಿದ. ಮೀಸೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾಸ್ತರ."

"ರೀ."

"ನಿಮ್ಮ ತಂಗಿಗೆ ಹೇಳ್ರಿ. ಹೂಂ ಅಂದ್ನಿ ಅಂತ."

ನಾನು ತಿರುಗಿ ತಂಗಿಗೆ ಹೇಳಿದೆ, ಭಾವಾರು ಹೂಂ ಅಂದ್ರು ಎಂದು.

"ಕೇಳಿಸ್ತು" ಎಂದಳು, ಅವನನ್ನೇ ನೋಡುತ್ತ.